ನೆಲ ನಿಜಕ್ಕೂ ಡೊಂಕಾಗಿದ್ದರೆ: ‘ಡ್ರೈವರ್’ ಗ್ಯಾರೇಜ್ ಪರೀಕ್ಷೆಗೆ ಒಂದು ರಿಪೇರಿ ಲಾಗ್

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ‘ಡ್ರೈವರ್’ ಆಟದ ಗ್ಯಾರೇಜ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗುವವರಿಗೆ ಈ ಗಾದೆ ಹೇಳುವ ಮೊದಲು ಅವರ ಕೈಯಲ್ಲಿರುವ ಗೇಮ್ ಪ್ಯಾಡನ್ನು ಬಿಚ್ಚಿ ನೋಡುವುದು ನ್ಯಾಯ. ಇಪ್ಪತ್ತು ವರ್ಷ ದಾಟಿದ, ಡ್ಯುಯಲ್‌ಶಾಕ್ 2 ಎಂಬ ಪ್ಲೇಸ್ಟೇಷನ್ 2ರ ಪ್ಯಾಡಿನಲ್ಲಿ ನೆಲ ಡೊಂಕಾಗಿರುವ ಸಾಧ್ಯತೆಯೇ ಹೆಚ್ಚು.

ಗೊತ್ತಿಲ್ಲದವರಿಗೆ ಎರಡು ಮಾತು. 1999ರಲ್ಲಿ ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್‌ಗೆ ಬಂದ, ಕಾರು ಓಡಿಸುವ ಆಟ ಇದು. ಮಾಡಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಿಫ್ಲೆಕ್ಷನ್ಸ್ ಸ್ಟುಡಿಯೋ. ಮಾರುವೇಷದ ಪೊಲೀಸ್ ಟ್ಯಾನರ್ ಮಯಾಮಿಯ ಪಾರ್ಕಿಂಗ್ ಗ್ಯಾರೇಜೊಂದರಲ್ಲಿ ಕಳ್ಳರ ಗುಂಪಿಗೆ ತನ್ನ ಕೈಚಳಕ ತೋರಿಸಬೇಕು. ಅದು ಮುಗಿದರೆ ಮಾತ್ರ ಕಥೆ ಮುಂದಕ್ಕೆ ಹೋಗುತ್ತದೆ. ಸಮಯ 60 ಸೆಕೆಂಡು. ಕಸರತ್ತು ಒಂಬತ್ತು: ಬರ್ನ್‌ಔಟ್ (ಚಕ್ರ ಜಾರಿಸುತ್ತ ಹೊರಡುವುದು), ಹ್ಯಾಂಡ್‌ಬ್ರೇಕ್ ತಿರುವು, ಸ್ಲಾಲಮ್ (ಕಂಬಗಳ ನಡುವೆ ಹಾವಿನಂತೆ ನುಸುಳುವುದು), 180 (ಅರ್ಧ ಸುತ್ತು), 360 (ಪೂರ್ತಿ ಸುತ್ತು), ರಿವರ್ಸ್ 180 (ಹಿಂದಕ್ಕೆ ಓಡುತ್ತ ಅರ್ಧ ಸುತ್ತು), ಸ್ಪೀಡ್, ಬ್ರೇಕ್ ಟೆಸ್ಟ್, ಗ್ಯಾರೇಜಿಗೆ ಒಂದು ಲ್ಯಾಪ್. ಯಾವುದನ್ನು ಮೊದಲು ಮಾಡಿದರೂ ಸರಿ. ಗೋಡೆಗೋ ಕಂಬಕ್ಕೋ ಕೆಲವು ಸಲ ಗುದ್ದಿದರೆ ಅಲ್ಲಿಗೇ ಮುಗಿಯಿತು. ಇದು ಆಟದ ಮೊದಲ ಮಿಷನ್! ಆಮೇಲಿನ ಎಷ್ಟೋ ಮಿಷನ್‌ಗಳು ಇದಕ್ಕಿಂತ ಸಲೀಸು. ಹೊಸಬರನ್ನು ಬಾಗಿಲಲ್ಲೇ ತಡೆಯುವ ಈ ಏರ್ಪಾಡು ಕೆಟ್ಟ ವಿನ್ಯಾಸ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಇದರಲ್ಲಿ ಅದೃಷ್ಟದ ಪಾತ್ರ ಏನೂ ಇಲ್ಲ, ಹಾಗಾಗಿ ಕೆಟ್ಟ ರೇಡಿಯೋ ರಿಪೇರಿ ಮಾಡುವ ಹಾಗೆ ಒಂದೊಂದೇ ಭಾಗ ಬಿಡಿಸಿ ಸರಿಪಡಿಸಬಹುದು.

ಇಲ್ಲಿ ರಿಪೇರಿಗೆ ಕೂತ ಸೆಟ್ ಹೀಗಿದೆ: ಪ್ಲೇಸ್ಟೇಷನ್ 2, ಆಟದ ಮೂಲ ಪಿಎಸ್1 (ಮೊದಲ ಪ್ಲೇಸ್ಟೇಷನ್) ಡಿಸ್ಕ್, ಹಳೆಯ ಡ್ಯುಯಲ್‌ಶಾಕ್ 2, ಹಳದಿ-ಕೆಂಪು-ಬಿಳಿ ಕೇಬಲ್‌ನಲ್ಲಿ ಎಲ್‌ಸಿಡಿ ಟಿವಿ. ದೂರು: ಸ್ಲಾಲಮ್, ಸ್ಪೀಡ್, ಲ್ಯಾಪ್ ಎಲ್ಲ ಆಗುತ್ತವೆ, 180 ಒಮ್ಮೆ ಆದರೆ ಇನ್ನೊಮ್ಮೆ ಇಲ್ಲ, 360 ಮುಕ್ಕಾಲಿಗೆ ನಿಲ್ಲುತ್ತದೆ.

ಮೊದಲ ಕೆಲಸ: ತಪ್ಪು ಬೆರಳಿನದೋ ಬಟನ್ನಿನದೋ

ಆಟದ ಬಟನ್‌ಗಳ ಮಾಮೂಲಿ ಜೋಡಣೆಯಲ್ಲಿ ಎಕ್ಸ್ ಆಕ್ಸಿಲರೇಟರ್, ಸ್ಕ್ವೇರ್ ಬ್ರೇಕ್ ಮತ್ತು ರಿವರ್ಸ್, ಟ್ರಯಾಂಗಲ್ ಹ್ಯಾಂಡ್‌ಬ್ರೇಕ್, ಸರ್ಕಲ್ ಬರ್ನ್‌ಔಟ್, ಎಲ್1 ಒತ್ತಿದರೆ ಸ್ಟೀರಿಂಗ್ ಸಟ್ಟನೆ ಪೂರ್ತಿ ತಿರುಗುತ್ತದೆ. ನಿಮ್ಮ ಪ್ರತಿಯಲ್ಲಿ ಬೇರೆ ಇದ್ದರೆ ಆಯ್ಕೆಗಳ ಮೆನುವಿನಲ್ಲಿ ಒಮ್ಮೆ ನೋಡಿಕೊಳ್ಳಿ. ಕೈಕೊಡುತ್ತಿರುವ ಎರಡು ಕಸರತ್ತುಗಳೂ ಟ್ರಯಾಂಗಲ್, ಸರ್ಕಲ್, ಎಲ್1 ಇವುಗಳನ್ನೇ ನಂಬಿಕೊಂಡಿವೆ ಎನ್ನುವುದನ್ನು ಗಮನಿಸಿ. ಸುಲಭವಾಗಿ ಆಗುತ್ತಿರುವುದಕ್ಕೆಲ್ಲ ಎಕ್ಸ್ ಮತ್ತು ಸ್ಕ್ವೇರ್ ಸಾಕು. ಸಂಶಯ ಹುಟ್ಟಬೇಕಾದದ್ದು ಇಲ್ಲೇ.

ಪ್ಯಾಡನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಕಂಪ್ಯೂಟರಿಗೆ ಸಿಕ್ಕಿಸಿ. ವಿಂಡೋಸ್‌ನಲ್ಲಿ ರನ್ ಪೆಟ್ಟಿಗೆಗೆ ಹೋಗಿ ಜಾಯ್.ಸಿಪಿಎಲ್ (joy.cpl) ಎಂದು ಕೊಟ್ಟರೆ ಗೇಮ್ ಕಂಟ್ರೋಲರ್ ಕಿಟಕಿ ತೆರೆಯುತ್ತದೆ. ಅಲ್ಲಿ ಪ್ರತಿ ಬಟನ್ನಿಗೂ ಒಂದು ದೀಪ. ಎರಡು ಪರೀಕ್ಷೆ ಮಾಡಿ. ಒಂದು, ಬಟನ್ ಒತ್ತಿ 10 ಸೆಕೆಂಡು ಹಿಡಿದಿರಿ, ದೀಪ ಮಿಣುಕಬಾರದು. ಎರಡು, 20 ಸಲ ಮೆಲ್ಲಗೆ ತಟ್ಟಿ; 20 ಸಲವೂ ಬೆಳಗಬೇಕು. ಇದೆಲ್ಲ ಸರಿ ಬಂದರೆ ಎಲ್1, ಎಡಬಾಣ, ಸರ್ಕಲ್ ಮೂರನ್ನೂ ಒಟ್ಟಿಗೆ ಹಿಡಿದು ನೋಡಿ. 10 ಸೆಕೆಂಡಿನ ಪರೀಕ್ಷೆಯಲ್ಲಿ ದೀಪ ಒಂದೇ ಒಂದು ಸಲ ಮಿಣುಕಿದರೂ 360 ಅಲ್ಲೇ ಮುರಿದುಬೀಳುತ್ತದೆ, ಏಕೆಂದರೆ ಸುತ್ತು ಪೂರ್ತಿಯಾಗುವವರೆಗೆ ಬಟನ್ ಬಿಡುವಂತಿಲ್ಲ.

ಲಕ್ಷಣದಿಂದಲೇ ರೋಗ ಹಿಡಿಯಬಹುದು. ಒಂದೇ ಬಟನ್ ಸೋಮಾರಿಯಾಗಿದ್ದರೆ ಅದರ ಕೆಳಗಿನ ರಬ್ಬರ್ ಗುಮ್ಮಟಕ್ಕೆ ಕೊಳೆ ಹಿಡಿದಿದೆ. ಎರಡು ಮೂರು ಬಟನ್ ಒಟ್ಟಿಗೆ ಸತ್ತಿದ್ದರೆ, ಅಥವಾ ಒತ್ತದೆಯೇ ತಾವಾಗಿ ಬೆಳಗುತ್ತಿದ್ದರೆ, ಅದು ಒಳಗೆ ಬಟನ್‌ಗಳ ಸಂಪರ್ಕವನ್ನು ಒತ್ತಿ ಹಿಡಿಯುವ ಫೋಮ್ (ಸ್ಪಂಜಿನಂಥ ತುಂಡು) ಮಾಡುವ ಕೆಲಸ. ಪ್ಯಾಡಿನ ಹೊಟ್ಟೆಭಾಗವನ್ನು ಎರಡು ಕಡೆಯಿಂದ ಅದುಮಿದಾಗ ಬಟನ್‌ಗಳು ಜೀವ ತಳೆದರೆ ಅನುಮಾನವೇ ಬೇಡ.

ಪ್ಯಾಡ್ ಬಿಚ್ಚುವುದು

ಬೇಕಾದದ್ದು: ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, 90 ಶೇಕಡಕ್ಕಿಂತ ಗಟ್ಟಿಯಾದ ಐಸೊಪ್ರೊಪೈಲ್ ಆಲ್ಕೊಹಾಲ್ 10 ಮಿಲಿ, ಹತ್ತಿ ಸುತ್ತಿದ ಕಡ್ಡಿ ಐದಾರು, 1 ಮಿಲಿಮೀಟರ್ ದಪ್ಪದ ಅಂಟು ಫೋಮ್ ಟೇಪ್ ಎರಡು ಅಂಗುಲ. ಬೆಂಗಳೂರಿನಲ್ಲಿದ್ದರೆ ಎಲ್ಲವೂ ಎಸ್.ಪಿ. ರೋಡಿನ ಒಂದೇ ಸಾಲಿನಲ್ಲಿ ಸಿಗುತ್ತವೆ. ಸ್ಯಾನಿಟೈಸರ್‌ನಿಂದ ಒರೆಸಬೇಡಿ. ಅದರಲ್ಲಿರುವ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ.

ಪ್ಯಾಡನ್ನು ಬೋರಲು ಹಾಕಿ ಹಿಂಬದಿಯ ಸ್ಕ್ರೂಗಳನ್ನು ತೆಗೆಯಿರಿ, ಸಾಮಾನ್ಯವಾಗಿ 7 ಇರುತ್ತವೆ. ಮೇಲಿನ ಮುಚ್ಚಳ ಎತ್ತುವಾಗ ಅವಸರ ಬೇಡ: ಎಲ್2, ಆರ್2 ಪ್ಲಾಸ್ಟಿಕ್ ತುಂಡುಗಳು ಸಡಿಲವಾಗಿ ಕೂತಿರುತ್ತವೆ, ಜಾರಿ ಬಿದ್ದರೆ ಯಾವುದು ಎಲ್ಲಿಯದು ಎಂಬ ಗೊಂದಲ. ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಎರಡೂ ಹಿಡಿಗಳಲ್ಲಿ ಕಂಪನದ ಮೋಟರ್‌ಗಳಿವೆ, ಎಡಗಡೆಯದು ದೊಡ್ಡದು. ಅವುಗಳ ತಂತಿ ಕೂದಲೆಳೆಯಷ್ಟು ಸಣ್ಣ. ಎಳೆದರೆ ಬೆಸುಗೆ ಬಿಡುತ್ತದೆ.

ನಡುವಿನ ಸರ್ಕ್ಯೂಟ್ ಬೋರ್ಡನ್ನು ಹಿಡಿದಿರುವ ಸ್ಕ್ರೂ ತೆಗೆದು ಬೋರ್ಡ್ ಎತ್ತಿದರೆ ಕೆಳಗೆ ಪಾರದರ್ಶಕ ಫಿಲ್ಮ್ ಕಾಣುತ್ತದೆ. ಎಲ್ಲ ಬಟನ್‌ಗಳ ಗೆರೆಗಳೂ ಆ ಫಿಲ್ಮ್ ಮೇಲೆ ಬಂದು ಒಂದು ಬಾಲದಲ್ಲಿ ಸೇರುತ್ತವೆ. ಬಾಲದ ತುದಿಯಲ್ಲಿ ಕಪ್ಪು ಇಂಗಾಲದ ಪಟ್ಟಿಗಳು. ಅದಕ್ಕೆ ಬೆಸುಗೆಯೂ ಇಲ್ಲ, ಕನೆಕ್ಟರೂ ಇಲ್ಲ: ಕೆಳಗಿರುವ ಒಂದು ತುಂಡು ಫೋಮ್ ಅದನ್ನು ಬೋರ್ಡಿಗೆ ಒತ್ತಿ ಹಿಡಿದಿರುತ್ತದೆ, ಅಷ್ಟೇ. ವರ್ಷಗಳಲ್ಲಿ ಆ ಫೋಮ್ ಚಪ್ಪಟೆಯಾಗಿ ಹಳೇ ದಿಂಬಿನ ಹಾಗೆ ಆಗಿರುತ್ತದೆ. ಒತ್ತಡ ಕಡಿಮೆಯಾಯಿತೆಂದರೆ ಅಂಚಿನ ಪಟ್ಟಿಗಳು ಮೊದಲು ಸಂಪರ್ಕ ಕಳೆದುಕೊಳ್ಳುತ್ತವೆ.

ಹಳೆಯ ಫೋಮ್ ಪೂರ್ತಿ ಹುಡಿಯಾಗಿದ್ದರೆ ಕೆರೆದು ತೆಗೆದು ಹೊಸದು ಅಂಟಿಸಿ. ಇನ್ನೂ ಗಟ್ಟಿಯಿದ್ದರೆ ಅದರ ಮೇಲೆಯೇ 1 ಮಿಲಿಮೀಟರಿನ ಒಂದು ಪದರ ಸಾಕು. ಫೋಮ್ ಟೇಪ್ ಸಿಗದಿದ್ದರೆ ಇನ್ಸುಲೇಷನ್ ಟೇಪನ್ನು ಮಡಿಸಿ ಅಷ್ಟೇ ದಪ್ಪ ಮಾಡಿಕೊಳ್ಳಬಹುದು, ಆದರೆ ಅದಕ್ಕೆ ಸ್ಪಂಜಿನ ಗುಣವಿಲ್ಲ, ಬೇಗ ಮತ್ತೆ ಸಡಿಲವಾಗುತ್ತದೆ. ಎರಡು ಪದರ ಹಾಕುವ ಆಸೆ ಬೇಡ. ಬೋರ್ಡ್ ಬಿಲ್ಲಿನಂತೆ ಬಾಗುತ್ತದೆ, ಸ್ಕ್ರೂ ಕೂರುವುದಿಲ್ಲ, ಕೂತರೂ ಅನಲಾಗ್ ಕಡ್ಡಿಗಳು ಮುಚ್ಚಳಕ್ಕೆ ಉಜ್ಜುತ್ತವೆ.

ಇಂಗಾಲದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ತಾಮ್ರಕ್ಕೆ ಮಾಡುವ ಉಪಚಾರ ಅದು. ಇಂಗಾಲಕ್ಕೆ ಮಾಡಿದರೆ ಕೊಳೆಯ ಜೊತೆ ಪಟ್ಟಿಯೂ ಹೋಗುತ್ತದೆ, ಆಮೇಲೆ ಹೊಸ ಫಿಲ್ಮ್ ಹುಡುಕಬೇಕು. ಹತ್ತಿಯ ಕಡ್ಡಿಯನ್ನು ಆಲ್ಕೊಹಾಲ್‌ನಲ್ಲಿ ಅದ್ದಿ, ಹಿಂಡಿ, ಒಂದೇ ದಿಕ್ಕಿನಲ್ಲಿ ಎರಡು ಸಲ ಎಳೆಯಿರಿ. ಬಟನ್ ಕೆಳಗಿನ ರಬ್ಬರ್ ಗುಮ್ಮಟಗಳ ಕಪ್ಪು ಮುಖಕ್ಕೂ ಇದೇ ಮಾತು: ಒಣ ಬಟ್ಟೆ ಸಾಕು, ಜಿಡ್ಡಿದ್ದರೆ ಮಾತ್ರ ಆಲ್ಕೊಹಾಲ್. ಐದು ನಿಮಿಷ ಆರಲು ಬಿಟ್ಟು ಮುಚ್ಚಿ. ಬೋರ್ಡಿನ ನಡುವಿನ ಸ್ಕ್ರೂ ಭದ್ರವಾಗಿರಲಿ. ಫೋಮ್‌ಗೆ ಒತ್ತಡ ಕೊಡುವುದೇ ಅದು. ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಿ ಅದೇ 10 ಸೆಕೆಂಡು, 20 ತಟ್ಟುಗಳ ಪರೀಕ್ಷೆ.

ಕಂಪ್ಯೂಟರ್ ಆವೃತ್ತಿಯನ್ನು ಕೀಬೋರ್ಡಿನಲ್ಲಿ ಆಡುವವರಿಗೆ ಇದೇ ರೋಗದ ಇನ್ನೊಂದು ರೂಪ ಕಾದಿರುತ್ತದೆ. ಅಗ್ಗದ ಕೀಬೋರ್ಡುಗಳಲ್ಲಿ ಕೀಲಿಗಳು ಅಡ್ಡ-ಉದ್ದ ಗೆರೆಗಳ ಜಾಲದ ಮೇಲೆ ಕೂತಿರುವುದರಿಂದ ಎರಡು ಬಾಣದ ಕೀಲಿಗಳ ಜೊತೆ ಸ್ಪೇಸ್ ಒತ್ತಿದಾಗ ಮೂರನೆಯದು ಎಷ್ಟೋ ಸಲ ದಾಖಲಾಗುವುದೇ ಇಲ್ಲ. ಹ್ಯಾಂಡ್‌ಬ್ರೇಕನ್ನು ಶಿಫ್ಟ್ ಅಥವಾ ಕಂಟ್ರೋಲ್ ಕೀಲಿಗೆ ಕೊಡಿ. ಅವು ಬೇರೆ ಕೀಲಿಗಳ ಜೊತೆ ಒತ್ತಲೆಂದೇ ಇರುವಂಥವು, ಸಾಮಾನ್ಯವಾಗಿ ಕೈಕೊಡುವುದಿಲ್ಲ.

ಟಿವಿ

ಹಳೆಯ ಡಬ್ಬಾ ಟಿವಿ ಮನೆಯಲ್ಲಿದ್ದರೆ ಅದನ್ನೇ ಬಳಸಿ, ಈ ಭಾಗ ಬಿಟ್ಟು ಮುಂದೆ ಓದಿ. ಎಲ್‌ಸಿಡಿ ಟಿವಿಗೆ ಪಿಎಸ್1 ಚಿತ್ರ ಅರ್ಥವಾಗುವುದು ಕಷ್ಟ. ಅದು ಕಳಿಸುವ ಕಡಿಮೆ ಸಾಲುಗಳ ಸಂಕೇತವನ್ನು ಬಹಳಷ್ಟು ಟಿವಿಗಳು ಇಂಟರ್‌ಲೇಸ್ (ಸಾಲು ಬಿಟ್ಟು ಸಾಲು ಬರುವ) ಚಿತ್ರ ಎಂದು ತಪ್ಪು ತಿಳಿದು, ಸಂಸ್ಕರಿಸಿ, ತಡವಾಗಿ ತೋರಿಸುತ್ತವೆ. ಸೆಕೆಂಡಿಗೆ 25 ಫ್ರೇಮ್ ಎಂದಿಟ್ಟುಕೊಂಡರೆ ಒಂದು ಫ್ರೇಮ್ 40 ಮಿಲಿಸೆಕೆಂಡು; ಟಿವಿ 100 ಮಿಲಿಸೆಕೆಂಡು ತಡ ಮಾಡಿದರೆ ನಿಮ್ಮ ಕಣ್ಣು ಎರಡೂವರೆ ಫ್ರೇಮ್ ಹಿಂದಿರುತ್ತದೆ. ಸ್ಲಾಲಮ್‌ನಲ್ಲಿ ಹಿಂಬದಿಯ ಮೂಲೆ ಕಂಬಕ್ಕೆ ತಾಗಲು ಅಷ್ಟು ಸಾಕು. ಟಿವಿಯ ಚಿತ್ರದ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿ, ಚಲನೆ ನಯಗೊಳಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ.

ಪಿಎಸ್2ರ ಮುಖ್ಯ ಪರದೆಯಲ್ಲಿ ಟ್ರಯಾಂಗಲ್ ಒತ್ತಿ ಆವೃತ್ತಿ ಮಾಹಿತಿಯ ಪುಟಕ್ಕೆ ಹೋದರೆ ಪ್ಲೇಸ್ಟೇಷನ್ ಡ್ರೈವರ್ ಎಂಬ ಸಾಲಿನಲ್ಲಿ ಎರಡು ಆಯ್ಕೆಗಳಿವೆ. ಟೆಕ್ಸ್ಚರನ್ನು (ವಸ್ತುಗಳ ಮೇಲ್ಮೈ ಚಿತ್ರವನ್ನು) ನಯ ಎಂಬುದಕ್ಕೆ ಬದಲಾಯಿಸಿದರೆ ಕಂಬಗಳ ಅಂಚು ಸ್ವಲ್ಪ ಕಣ್ಣಿಗೆ ಹಿತ, ಆಟಕ್ಕೆ ಲಾಭ ಏನಿಲ್ಲ. ಡಿಸ್ಕ್ ವೇಗವನ್ನು ಮಾಮೂಲಿಯಲ್ಲೇ ಬಿಡಿ. ಕನ್ಸೋಲ್ ಆಫ್ ಮಾಡಿದರೆ ಎರಡೂ ಮೊದಲಿನಂತಾಗುತ್ತವೆ.

ಕಸರತ್ತುಗಳನ್ನು ಬಿಡಿಬಿಡಿಯಾಗಿ

60 ಸೆಕೆಂಡಿನ ಗಡಿಯಾರ ಓಡುತ್ತಿರುವಾಗ ಕಲಿಯುವುದು ಆಗದ ಮಾತು. ಟೇಕ್ ಎ ರೈಡ್ ಎಂಬ ಮುಕ್ತ ಓಡಾಟದಲ್ಲಿ ಮಯಾಮಿ ಆರಿಸಿಕೊಂಡು ಅಗಲ ರಸ್ತೆಯೊಂದರಲ್ಲಿ ಅಭ್ಯಾಸ ಮಾಡಿ. ಕ್ಯಾಮೆರಾ ಕಾರಿನ ಹೊರಗೇ ಇರಲಿ. ಒಳಗಿನ ನೋಟದಲ್ಲಿ ರಿವರ್ಸ್ ಹೋಗುವಾಗ ಹಿಂದಿನ ಗೋಡೆ ಕಾಣಿಸದು. ಸ್ಟೀರಿಂಗ್‌ಗೆ ಅನಲಾಗ್ ಕಡ್ಡಿಗಿಂತ ಬಾಣದ ಬಟನ್‌ಗಳು ಮೇಲು, ಹಳೆಯ ಕಡ್ಡಿ ಅಂಚಿಗೆ ತಳ್ಳಿದರೂ ಪೂರ್ತಿ ಅಂಚು ಮುಟ್ಟಿದೆ ಎಂದು ಹೇಳದೇ ಇರಬಹುದು.

180. ಮಧ್ಯಮ ವೇಗಕ್ಕೆ ಬನ್ನಿ, ಎಕ್ಸ್ ಬಿಡಿ, ಎಲ್1 ಜೊತೆ ಎಡಕ್ಕೆ ಪೂರ್ತಿ ತಿರುಗಿಸಿ, ಮೂತಿ ತಿರುಗಲು ಶುರುವಾದ ಮೇಲೆ ಟ್ರಯಾಂಗಲ್ ಸುಮಾರು ಅರ್ಧ ಸೆಕೆಂಡು. ಕ್ರಮ ತಪ್ಪಬಾರದು. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಕಚ್ಚಿ ಹಿಡಿಯುತ್ತದೆ; ಕಚ್ಚಿದ ಟೈರಿಗೆ ಅಡ್ಡಡ್ಡ ಹಿಡಿತ ಉಳಿಯುವುದಿಲ್ಲ, ಅದಕ್ಕೇ ಬಾಲ ಜಾರುತ್ತದೆ. ಆದರೆ ಯಾವ ಕಡೆ ಜಾರಬೇಕೆಂದು ಹೇಳುವುದು ಸ್ಟೀರಿಂಗ್. ಮೊದಲು ಟ್ರಯಾಂಗಲ್ ಒತ್ತಿದರೆ ಕಾರು ನೇರ ಜಾರಿಕೊಂಡೇ ಹೋಗಿ ಗೋಡೆಗೆ ಮುತ್ತಿಡುತ್ತದೆ. ಜಾಸ್ತಿ ಹೊತ್ತು ಹಿಡಿದರೆ ವೇಗವೆಲ್ಲ ಕರಗಿ ಅಡ್ಡಕ್ಕೆ ನಿಂತುಬಿಡುತ್ತದೆ. ಮುಕ್ಕಾಲು ತಿರುಗಿದಾಗ ಟ್ರಯಾಂಗಲ್ ಬಿಟ್ಟು ಎಕ್ಸ್. ಉಳಿದದ್ದನ್ನು ಜಡತ್ವವೇ ತಿರುಗಿಸುತ್ತದೆ.

ಇಲ್ಲಿ ಬೆರಳಿನ ಒಂದು ಸೂಕ್ಷ್ಮವಿದೆ. ಎಕ್ಸ್ ಕೆಳಗೆ, ಟ್ರಯಾಂಗಲ್ ಮೇಲೆ. ಬಲ ಹೆಬ್ಬೆರಳು ಹಾರಿದರೆ ಸಮಯ ಹೋಗುತ್ತದೆ, ಕೆಲವೊಮ್ಮೆ ಗುರಿ ತಪ್ಪಿ ಸ್ಕ್ವೇರ್ ಮೇಲೆ ಬೀಳುತ್ತದೆ. ಹೆಬ್ಬೆರಳಿನ ಗೆಣ್ಣನ್ನು ಎಕ್ಸ್ ಮೇಲೆ, ತುದಿಯನ್ನು ಟ್ರಯಾಂಗಲ್ ಹತ್ತಿರ ಮಲಗಿಸಿ ಲಟ್ಟಣಿಗೆಯಂತೆ ಉರುಳಿಸಿ. ಮೊದಲ ಹತ್ತು ನಿಮಿಷ ವಿಚಿತ್ರ ಅನ್ನಿಸುತ್ತದೆ.

360ಕ್ಕೆ ವೇಗ ಬೇಕು ಅನ್ನುವುದು ಬಹುಮಂದಿಯ ತಪ್ಪು ಕಲ್ಪನೆ. ಬಹುತೇಕ ನಿಂತ ಸ್ಥಿತಿಯಿಂದಲೇ ಎಲ್1, ಒಂದು ಬಾಣ, ಸರ್ಕಲ್ ಮೂರನ್ನೂ ಹಿಡಿದು ಬಿಡಿ. ಸರ್ಕಲ್ ಹಿಂದಿನ ಚಕ್ರಗಳನ್ನು ಜಾರಿಸುತ್ತಲೇ ಇರುವುದರಿಂದ ಕಾರು ಬುಗುರಿಯ ಹಾಗೆ ತಿರುಗುತ್ತದೆ. ನಡುವೆ ಸ್ಟೀರಿಂಗ್ ಅಥವಾ ಸರ್ಕಲ್ ಬಿಟ್ಟರೆ ಟೈರಿಗೆ ಹಿಡಿತ ಮರಳಿ ಕಾರು ನೇರವಾಗಿಬಿಡುತ್ತದೆ. ‘ಮುಕ್ಕಾಲಿಗೆ ನಿಲ್ಲುತ್ತದೆ’ ಎಂಬ ದೂರಿನ ಮೂಲ ಇದೇ, ಸಡಿಲ ಫೋಮ್ ಆ ಬಿಡುವನ್ನು ನಿಮ್ಮ ಪರವಾಗಿ ಮಾಡುತ್ತಿತ್ತು. ಪ್ಯಾಡ್ ಸರಿಯಾದ ಮೇಲೂ ಬೇಗ ಬಿಡುವ ಚಾಳಿ ಉಳಿದಿರಬಹುದು. ಶುರು ಮಾಡುವ ಮೊದಲು ಎದುರಿನ ಒಂದು ಕಂಬವನ್ನು ಗುರುತಿಟ್ಟುಕೊಳ್ಳಿ. ಅದು ಮತ್ತೆ ಎದುರಿಗೆ ಬಂದು, ದಾಟಿ ಹೋದ ಮೇಲೆಯೇ ಬೆರಳೆತ್ತಿ. ಸುತ್ತಲೂ ಎರಡು ಕಾರುಗಳಷ್ಟು ಉದ್ದದ ಖಾಲಿ ಜಾಗ ಇರಲಿ.

ರಿವರ್ಸ್ 180 ನೋಡಲು ಭಯಂಕರ, ಮಾಡಲು ಸುಲಭ. ಹಿಂದಕ್ಕೆ ಓಡುವಾಗ ತಿರುಗುವ ಚಕ್ರಗಳು ಓಟದ ಬಾಲದಲ್ಲಿರುತ್ತವೆ. ಗೋದಾಮಿನ ಫೋರ್ಕ್‌ಲಿಫ್ಟ್ ಸರಕ್ಕನೆ ಬಾಲ ಬೀಸುವುದು ಇದೇ ಕಾರಣಕ್ಕೆ. ಸ್ಕ್ವೇರ್ ಎರಡು ಮೂರು ಸೆಕೆಂಡು ಹಿಡಿದು ವೇಗ ಬರಲಿ. ಸ್ಕ್ವೇರ್ ಬಿಟ್ಟ ಕ್ಷಣವೇ ಎಲ್1 ಮತ್ತು ಬಾಣ. ಮೂತಿ ಬೀಸಿಕೊಂಡು ಅರ್ಧಕ್ಕಿಂತ ಹೆಚ್ಚು ತಿರುಗಿದ ಮೇಲೆ ಎಕ್ಸ್. ಅದಕ್ಕಿಂತ ಮೊದಲೇ ಎಕ್ಸ್ ಒತ್ತಿದರೆ ಅದು ಬ್ರೇಕಿನ ಕೆಲಸ ಮಾಡಿ ಕಾರು ಅಡ್ಡಡ್ಡ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಇಲ್ಲಿ ಬೇಕಿಲ್ಲ.

ಸ್ಲಾಲಮ್‌ನಲ್ಲಿ ಎಲ್1 ಮುಟ್ಟಬೇಡಿ, ಬಾಲ ಬೀಸಿ ಕಂಬಕ್ಕೆ ತಾಗುತ್ತದೆ. ಬಾಣವನ್ನು ಚಿಕ್ಕ ಚಿಕ್ಕದಾಗಿ ತಟ್ಟುತ್ತ, ಕಂಬ ಪಕ್ಕಕ್ಕೆ ಬರುವ ಮೊದಲೇ ಮುಂದಿನ ಕಂಬದ ಆಚೆ ಬದಿಯನ್ನು ನೋಡುತ್ತಿರಿ. ದಾಟಿದ ಮೇಲೆ ತಿರುಗಿಸಲು ಹೊರಟರೆ ಎರಡನೆಯದು ಹೇಗೋ ಆಗುತ್ತದೆ, ಮೂರನೆಯದು ತಪ್ಪುವುದಿಲ್ಲ, ಅಂದರೆ ಗುದ್ದುವುದು ತಪ್ಪುವುದಿಲ್ಲ. ಬ್ರೇಕ್ ಟೆಸ್ಟ್‌ಗೆ ಸ್ಕ್ವೇರ್ ಮಾತ್ರ, ಸ್ಟೀರಿಂಗ್ ನೇರ. ಗಾಬರಿಯಲ್ಲಿ ಟ್ರಯಾಂಗಲ್ ಒತ್ತಿದರೆ ನಿಲ್ಲುವ ದೂರ ಹೆಚ್ಚುತ್ತದೆ, ಕಾರೂ ಗಿರಕಿ ಹೊಡೆಯುತ್ತದೆ.

ಪೋಣಿಸುವುದು

ಒಂಬತ್ತೂ ಬಿಡಿಯಾಗಿ ಬಂದ ಮೇಲೂ 60 ಸೆಕೆಂಡು ಸಾಲುವುದಿಲ್ಲ, ಪಟ್ಟಿಯಲ್ಲಿರುವ ಕ್ರಮದಲ್ಲೇ ಮಾಡಿದರೆ. ಸಮಯ ತಿನ್ನುವುದು ಕಸರತ್ತುಗಳಲ್ಲ, ಒಂದರಿಂದ ಇನ್ನೊಂದಕ್ಕೆ ಸಾಗುವ ಖಾಲಿ ಓಟ. ಹಾಗಾಗಿ ಒಂದು ಮುಗಿದಾಗ ಕಾರು ಯಾವ ಸ್ಥಿತಿಯಲ್ಲಿ ನಿಂತಿರುತ್ತದೆಯೋ ಅದೇ ಸ್ಥಿತಿ ಬೇಡುವ ಕಸರತ್ತು ಮುಂದಿನದಾಗಬೇಕು.

ಹೊರಡುವಾಗ ಕಾರು ಹೇಗೂ ನಿಂತಿದೆ: ಸರ್ಕಲ್ ಹಿಡಿದರೆ ಬರ್ನ್‌ಔಟ್, 3 ಸೆಕೆಂಡು. ಅದೇ ಓಟವನ್ನು ಗ್ಯಾರೇಜಿನ ಉದ್ದಕ್ಕೆ ತಿರುಗಿಸಿದರೆ ಸ್ಪೀಡ್, ಕೊನೆಯಲ್ಲಿ ಸ್ಕ್ವೇರ್ ಒತ್ತಿದರೆ ಬ್ರೇಕ್ ಟೆಸ್ಟ್. ಎರಡೂ ಸೇರಿ 9. ಈಗ ಗೋಡೆಗೆ ಮುಖ ಮಾಡಿ ನಿಂತಿದ್ದೀರಿ, ಹಿಂದೆ ಉದ್ದ ಖಾಲಿ ಜಾಗ. ರಿವರ್ಸ್ 180ಕ್ಕೆ ಇದಕ್ಕಿಂತ ಒಳ್ಳೆ ನೆಲೆ ಇಲ್ಲ, ಬ್ರೇಕ್ ಹೊಡೆದ ಬೆರಳನ್ನು ಸ್ಕ್ವೇರ್ ಮೇಲಿಂದ ಎತ್ತಲೂ ಬೇಕಿಲ್ಲ: 7. ತಿರುಗಿ ಬಂದ ವೇಗದಲ್ಲೇ ಸ್ವಲ್ಪ ಮುಂದೆ ಹೋಗಿ 180: 6. ಅದು ಮುಗಿದಾಗ ವೇಗ ಕರಗಿರುತ್ತದೆ, ಅಂದರೆ 360ಕ್ಕೆ ತಯಾರು: 6. ಇಲ್ಲಿಗೆ 31. ಉಳಿದದ್ದು ಕಂಬಗಳ ಸಾಲು, ಅಂದರೆ ಸ್ಲಾಲಮ್, 9. ಕೊನೆಗೆ ಲ್ಯಾಪ್, ಅದರ ಒಂದು ಮೂಲೆಯನ್ನು ಹ್ಯಾಂಡ್‌ಬ್ರೇಕಿನಲ್ಲಿ ತಿರುಗಿಸಿದರೆ ಹ್ಯಾಂಡ್‌ಬ್ರೇಕ್ ತಿರುವಿನ ಸಾಲೂ ಪರದೆಯ ಪಟ್ಟಿಯಿಂದ ಹೋಗುತ್ತದೆ: 14. ಒಟ್ಟು 54. ಇವು ದಾಖಲೆಗಳಲ್ಲ, ಖರ್ಚಿನ ಅಂದಾಜು. ಒಂದು ಕಸರತ್ತು ಒಮ್ಮೆ ತಪ್ಪಿದರೆ ಮತ್ತೆ ಮಾಡಲು 6 ಸೆಕೆಂಡು ಕೈಯಲ್ಲಿದೆ. ಎರಡು ತಪ್ಪಿದರೆ ಇಲ್ಲ.

ಲ್ಯಾಪನ್ನು ಹೊರ ಅಂಚಿನಲ್ಲೇ ಓಡಿಸಿ, ಕಂಬಗಳ ನಡುವೆ ನುಸುಳಿ ಹತ್ತಿರದ ದಾರಿ ಹಿಡಿಯುವ ಜಾಣತನ ಬೇಡ. ಪರದೆಯ ಪಟ್ಟಿಯಲ್ಲಿ ಸಾಲು ಅಳಿದದ್ದನ್ನು ಪ್ರತಿ ಕಸರತ್ತಿನ ಕೊನೆಗೆ ಒಮ್ಮೆ ಕಣ್ಣಲ್ಲೇ ನೋಡಿಕೊಳ್ಳಿ; ಆಗಿಲ್ಲದಿದ್ದರೆ ಅಲ್ಲೇ ಮತ್ತೆ ಮಾಡುವುದು ಅಗ್ಗ, ಕೊನೆಯಲ್ಲಿ ಗ್ಯಾರೇಜ್ ದಾಟಿ ವಾಪಸ್ ಬರುವುದು ದುಬಾರಿ. 31ನೇ ಸೆಕೆಂಡಿನ ಹೊತ್ತಿಗೆ ಆರು ಸಾಲು ಅಳಿದಿಲ್ಲವೆಂದರೆ ಪಾಸ್ ಒತ್ತಿ ಮೊದಲಿನಿಂದ ಶುರು ಮಾಡಿ. ‘ಪಾಸ್’ ಅಂದರೆ ಆಟ ತಡೆಹಿಡಿಯುವ ಸ್ಟಾರ್ಟ್ ಬಟನ್ನಿನ ಪಾಸ್, ಪರೀಕ್ಷೆಯ ಪಾಸ್ ಅಲ್ಲ.

ಶುರು ಮಾಡುವ ಮುನ್ನ ಮೊದಲ ಸ್ಲಾಟ್‌ನಲ್ಲಿ ಯಾವ ಮೆಮೊರಿ ಕಾರ್ಡ್ ಇದೆ ನೋಡಿ. ಪಿಎಸ್1 ಆಟ ಪಿಎಸ್2 ಕಾರ್ಡಿನಲ್ಲಿ ಸೇವ್ ಆಗುವುದಿಲ್ಲ. 15 ಬ್ಲಾಕಿನ, 128 ಕಿಲೋಬೈಟಿನ ಹಳೆಯ ಪಿಎಸ್1 ಕಾರ್ಡೇ ಬೇಕು. ಪಿಎಸ್1 ಸೇವನ್ನು ಪಿಎಸ್2 ಕಾರ್ಡಿಗೆ ನಕಲು ಮಾಡಿಡಬಹುದು, ಆದರೆ ಆಟ ಅದನ್ನು ಅಲ್ಲಿಂದ ಓದದು. ಕಾರ್ಡ್ ಇಲ್ಲದೆ ಕನ್ಸೋಲ್ ಆಫ್ ಮಾಡಿದರೆ ನಾಳೆ ಮತ್ತೆ ಅದೇ ಗ್ಯಾರೇಜು, ಅದೇ 60 ಸೆಕೆಂಡು.